ಹಲ್ಲಪ್ಪ ಸ್ಮಾರಕ ನೋಡಲು ಹೋದದ್ದು

ಹಲ್ಲಪ್ಪ ಎನ್ನುವುದು ಅವನಿಗೆ ತಂದೆತಾಯಿ ಇಟ್ಟ ಹೆಸರಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಬೊಚ್ಚುಬಾಯಿಯವರಿಗೆ ಹಲ್ಲು ಕಟ್ಟಿಕೊಡುವುದು ಅವನ ಕೆಲಸ. ಕೌಂಟರಿನಲ್ಲಿ ಕೂರುವ ಹೆಂಗಸು ಎಂದೋ ಒಂದು ದಿನ ತಮಾಷೆಗೆ ಹಾಗೆ ಕರೆದಳು, ಅದೇ ನಿಂತಿತು. ಮುಂದಿನ ಕೋಣೆಯಲ್ಲಿ ಡಾಕ್ಟರು ಬಾಯಿಯ ಅಚ್ಚು ತೆಗೆದು ಹಿಂದಕ್ಕೆ ಕಳಿಸುತ್ತಿದ್ದರು. ಇವನು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡಿ, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಮುಂದಕ್ಕೆ ಕಳಿಸುತ್ತಿದ್ದ. ಊರಿನ ಅರ್ಧ ಮುದುಕರು ನಗುತ್ತಿದ್ದದ್ದು ಅವನ ಕೈಯ ಹಲ್ಲಿನಲ್ಲೇ. ಆದರೆ ಅವರು ಬೀದಿಯಲ್ಲಿ ಎದುರಾದರೆ ಅವನ ಗುರುತು ಅವರಿಗಿರಲಿಲ್ಲ. ಅವನಿಗೂ ಅವರ ಮುಖಕ್ಕಿಂತ ದವಡೆಯೇ ಹೆಚ್ಚು ಪರಿಚಯ.

ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಮದುವೆಯ ಮಾತು ಎರಡು ಮೂರು ಸಲ ಮನೆಬಾಗಿಲಿಗೆ ಬಂದು, ಕಾಲು ಒರೆಸಿಕೊಂಡು, ಹಾಗೇ ತಿರುಗಿ ಹೋಯಿತು. ಯಾರೂ ಬೇಡವೆನ್ನಲಿಲ್ಲ, ಯಾರೂ ಆಗಲೇಬೇಕೆಂದು ಹಟ ಹಿಡಿಯಲೂ ಇಲ್ಲ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನು ಒಂದು ಟ್ರಂಕು ಹಿಡಿದು ಅಕ್ಕನ ಮನೆಗೆ ಬಂದವನು. ಕೆಲಸ ಸಿಗುವ ತನಕ ಇರಲಿ ಎಂದು ಭಾವ ಹೇಳಿದ್ದರು. ಕೆಲಸ ಸಿಕ್ಕಿತು, ಆದರೆ ಹೋಗು ಎಂದು ಯಾರೂ ಹೇಳಲಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ ಅವನದಾಯಿತು. ಅಕ್ಕನ ಮಗಳು ಅಲ್ಲಿಯೇ ಅವನ ಬೆನ್ನ ಮೇಲೆ ಕೂತು ಕುದುರೆ ಆಡಿದಳು, ಅಲ್ಲಿಯೇ ಓದಿದಳು, ಅಲ್ಲಿಂದಲೇ ಗಂಡನ ಮನೆಗೆ ಹೋದಳು. ಭಾವ ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡಿ ಬರೆದುಕೊಳ್ಳುವ ಕೆಲಸದವರು. ಹೊರಗೆ ದಿನವಿಡೀ ಮಾತಾಡಿ ದಣಿದು ಬರುತ್ತಿದ್ದರೋ ಏನೋ, ಮನೆಯೊಳಗೆ ಬಾಯಿ ಬಿಡುತ್ತಿದ್ದದ್ದು ಊಟಕ್ಕೆ ಮಾತ್ರ. ಮನೆಯಲ್ಲಿ ಮಾತೆಂದರೆ ಅಕ್ಕ ಆಡಿದ್ದು, ಹಲ್ಲಪ್ಪ ಕೇಳಿದ್ದು.

ಅಕ್ಕ ಹೋದ ವರ್ಷ ತೀರಿಕೊಂಡಳು. ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದವಳು ಕುಸಿದು ಬಿದ್ದಳು, ಮಾರನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ಜನ ಬಂದರು. ಬಂದವರು ಭಾವನ ಕೈ ಹಿಡಿದುಕೊಂಡರು, ಮಗಳನ್ನು ತಬ್ಬಿಕೊಂಡರು. ಹಲ್ಲಪ್ಪನಿಗೆ, ಪಕ್ಕದ ಮನೆಯಿಂದ ಇನ್ನೊಂದಷ್ಟು ಕುರ್ಚಿ ತರಬಹುದಾ ಎಂದು ಕೇಳಿದರು. ಅವನು ತಂದ. ಚಹಾ ಮಾಡಿಸಿದ. ಗಾಡಿಗೆ ಹೇಳಿದ. ಯಾರ ತಪ್ಪೂ ಅಲ್ಲ. ಹೆಂಡತಿ ಹೋದರೆ ಗಂಡನನ್ನು ಸಮಾಧಾನ ಮಾಡಬೇಕು, ತಾಯಿ ಹೋದರೆ ಮಗಳನ್ನು. ಅಕ್ಕ ಹೋದರೆ ತಮ್ಮನಿಗೆ ಏನು ಹೇಳಬೇಕೆಂದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಭಾವ ದೂರದ ಊರಿನಲ್ಲಿದ್ದ ಮಗಳ ಮನೆಗೆ ಹೋದರು. ಬಾಡಿಗೆ ಮನೆ ಖಾಲಿಯಾಯಿತು. ಹಲ್ಲಪ್ಪ ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಕೋಣೆ ಹಿಡಿದ. ಒಂದು ಒಲೆ, ಒಂದು ಮಂಚ, ಕಿಟಕಿಯಾಚೆ ಎದುರು ಮನೆಯವರ ನೀರಿನ ಟ್ಯಾಂಕು. ದಿನಕ್ಕೆ ಎಷ್ಟು ಮಾತಾಡಿದೆನೆಂದು ಲೆಕ್ಕ ಹಾಕಿದರೆ ಅಂಗಡಿಯವನೊಡನೆ ಆಡಿದ್ದೇ ಹೆಚ್ಚು.

ಹೀಗಿರುವಾಗ ಡಾಕ್ಟರು ಒಂದು ಸಂಜೆ ಹಿಂದಿನ ಕೋಣೆಗೆ ಬಂದರು. ತಾವೂ ಹೆಂಡತಿಯೂ ಸ್ಮಾರಕ ನೋಡಲು ಹೋಗುವುದೆಂದು ಬಸ್ ಪ್ರವಾಸಕ್ಕೆ ಹೆಸರು ಕೊಟ್ಟಿದ್ದರಂತೆ. ಈಗ ಹೆಂಡತಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾರೆ. ಟಿಕೆಟ್ ಸುಮ್ಮನೆ ಹಾಳಾಗುತ್ತದೆ, ನೀನು ಹೋಗಿ ಬಾ, ಜೊತೆಗೆ ಯಾರನ್ನಾದರೂ ಕರೆದುಕೋ ಎಂದರು.

ಆ ಸ್ಮಾರಕವನ್ನು ಕಾಣದವರು ಯಾರು? ನಾಣ್ಯದ ಹಿಂದೆ ಅದೇ, ಶಾಲೆಯ ಪುಸ್ತಕದ ರಟ್ಟಿನ ಮೇಲೆ ಅದೇ, ಬೆಂಕಿಪೊಟ್ಟಣದ ಮೇಲೆ ಅದೇ. ಹಲ್ಲಪ್ಪ ಮಾತ್ರ ಕಣ್ಣಾರೆ ಕಂಡಿರಲಿಲ್ಲ. ಹೋಗುವುದೇನೋ ಸರಿ, ಯಾರನ್ನಾದರೂ ಎಂದರೆ ಯಾರನ್ನು? ಮೊದಲು ಭಾವನಿಗೆ ಫೋನು ಮಾಡಿದ. ಅಷ್ಟು ಹೊತ್ತು ಬಸ್ಸಿನಲ್ಲಿ ಕೂರಲು ಸೊಂಟ ಬಿಡುವುದಿಲ್ಲ ಎಂದರು. ಅಕ್ಕನ ಮಗಳು, ಮಾವ, ಮುಂದಿನ ಸಲ ಖಂಡಿತ ಎಂದಳು. ಕೆಳಗಿನ ಮನೆಯ ಟೈಲರ್, ಸೀಸನ್ನಿನಲ್ಲಿ ಕತ್ತರಿ ಕೆಳಗಿಟ್ಟರೆ ಗಿರಾಕಿಗಳು ತನ್ನನ್ನೇ ಕತ್ತರಿಸುತ್ತಾರೆ ಎಂದು ನಕ್ಕ. ಕೌಂಟರಿನ ಹೆಂಗಸನ್ನು ಕೇಳುವಂತಿರಲಿಲ್ಲ. ಕೇಳಿದರೆ ಊರು ಬೇರೆಯದೇ ಕಥೆ ಕಟ್ಟುತ್ತದೆ. ಮೂರು ಜನರನ್ನು ಕೇಳಿದ ಮೇಲೆ ನಾಲ್ಕನೆಯವರು ಯಾರೂ ನೆನಪಿಗೆ ಬರಲಿಲ್ಲ. ಅದು ಅವನನ್ನು ಸ್ವಲ್ಪ ಹೆದರಿಸಿತು.

ಬಸ್ಸು ಹತ್ತಿದ ಮೇಲೆ ಗೊತ್ತಾಯಿತು, ಅದು ಗಂಡಹೆಂಡಿರಿಗೆಂದೇ ಮಾಡಿದ ಪ್ರವಾಸ. ಎಲ್ಲಿ ನೋಡಿದರೂ ಜೋಡಿ. ಹೊಸದಾಗಿ ಮದುವೆಯಾದವರು ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಹೋಗಿದ್ದರು. ವಯಸ್ಸಾದವರು ಕಿಟಕಿ ತೆಗೆ, ಕಿಟಕಿ ಹಾಕು ಎಂದು ಜಗಳವಾಡುತ್ತಿದ್ದರು. ಪ್ರವಾಸ ನಡೆಸುವ ಯುವಕ ಒಂದೊಂದು ಜೋಡಿಗೆ ಎರಡೆರಡು ಹಳದಿ ಟೋಪಿ ಕೊಟ್ಟ. ಹಲ್ಲಪ್ಪನಿಗೂ ಎರಡು ಬಂದವು. ಒಂದನ್ನು ತಲೆಗೆ ಹಾಕಿಕೊಂಡು ಇನ್ನೊಂದನ್ನು ಏನು ಮಾಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತ.

ಮುಂದಿನ ಸೀಟಿನಲ್ಲಿ ಬಟ್ಟೆ ಅಂಗಡಿಯ ಯಜಮಾನರು ಮತ್ತು ಅವರ ಹೆಂಡತಿ. ಆಕೆ ತಿರುಗಿ ನೋಡಿ, ಖಾಲಿ ಸೀಟು ನೋಡಿ, ಆ ಟೋಪಿ ನೋಡಿ ಕೇಳಿದರು.

"ಒಬ್ರೇ ಬಂದ್ರಾ? ಮನೆಯವರು ಬರ್ಲಿಲ್ವಾ?"

ಮನೆಯವರು ಎಂದರೆ ಹಲ್ಲಪ್ಪನ ಮನಸ್ಸಿಗೆ ಬರುವುದು ಒಂದೇ ಮುಖ. ಅವನು ಯೋಚಿಸದೆ ಹೇಳಿದ, "ಮನೆಯವರು ಹೋಗ್ಬಿಟ್ರು. ಹೋದ ವರ್ಷ."

ಆಕೆಯ ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ಗಂಡನ ಕಿವಿಯಲ್ಲಿ ಏನೋ ಹೇಳಿದರು. ಗಂಡ ಎದ್ದುನಿಂತು ಸೀಟಿನ ಮೇಲಿಂದ ಕೈ ಚಾಚಿ ಹಲ್ಲಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸುದ್ದಿ ಬಸ್ಸಿನ ಹಿಂದಿನ ಸೀಟಿನವರೆಗೆ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಾಗಲ್ಲ, ನೀವು ತಪ್ಪು ತಿಳಿದಿರಿ ಎನ್ನಲು ಅವನು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಯಾರೋ ಆ ಬಾಯಿಗೆ ಕಿತ್ತಳೆ ತೊಳೆ ಕೊಟ್ಟರು. ಇನ್ನೊಬ್ಬರು ಬಂದು, ಒಂದು ವರ್ಷ ಅಂದರೆ ಇನ್ನೂ ಹಸಿಗಾಯ, ಊಟ ಬಿಡಬೇಡಿ ಎಂದರು. ಮತ್ತೊಬ್ಬರು ಬಿಸಿಲು ಬೀಳದ ಕಡೆಯ ಸೀಟು ಬಿಟ್ಟುಕೊಟ್ಟರು. ಯಾರೋ ಹೆಗಲು ತಟ್ಟಿದರು. ಅಕ್ಕ ಹೋದ ದಿನದಿಂದ ಇಂದಿನವರೆಗೆ ಅವನ ಹೆಗಲನ್ನು ಯಾರೂ ಮುಟ್ಟಿರಲಿಲ್ಲ. ಆ ಸಮಾಧಾನ ವಿಳಾಸ ತಪ್ಪಿ ಬಂದದ್ದಾದರೂ ಬಂದದ್ದು ಬಂತು, ಹಿಂದಕ್ಕೆ ಕಳಿಸುವ ಶಕ್ತಿ ಅವನಿಗಿರಲಿಲ್ಲ. ಹಾಗೆ ನೋಡಿದರೆ ಅವನು ಹೇಳಿದ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಹಾಗೆಂದು ತನಗೆ ತಾನೇ ಹೇಳಿಕೊಂಡು ಕಿಟಕಿಯ ಕಡೆ ತಿರುಗಿದ.

ಸ್ಮಾರಕ ತಲುಪಿದಾಗ ಬಿಸಿಲು ಏರಿತ್ತು. ಕಲ್ಲು ಹಾಸಿದ ದೊಡ್ಡ ಬಯಲು, ಬಯಲಿನ ನಡುವೆ ಅಂತಸ್ತು ಅಂತಸ್ತಾಗಿ ಏರುವ ಜಗಲಿ, ಜಗಲಿಯ ಮೇಲೆ ಕತ್ತು ನೋಯುವಷ್ಟು ಎತ್ತರದ ಸ್ತಂಭ. ಯಾವುದೋ ಕಾಲದ ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು. ನಾಣ್ಯದಲ್ಲಿ ಹೆಬ್ಬೆರಳಿನಡಿ ಅಡಗುತ್ತಿದ್ದದ್ದು ಇಲ್ಲಿ ಮನುಷ್ಯರನ್ನು ಇರುವೆ ಮಾಡಿತ್ತು. ಗಾಳಿ ಹುಚ್ಚು ಹಿಡಿದ ಹಾಗೆ ಬೀಸುತ್ತಿತ್ತು. ಟೋಪಿಗಳು ಹಾರಿದವು, ಟೋಪಿಯ ಹಿಂದೆ ಗಂಡಂದಿರು ಓಡಿದರು.

ಒಂಟಿಯಾಗಿ ಬಂದವನಿಗೆ ಇಂಥ ಜಾಗದಲ್ಲಿ ಒಂದು ಕೆಲಸ ಕಾದಿರುತ್ತದೆ. ಒಬ್ಬರಾದ ಮೇಲೊಬ್ಬರು ಬಂದು ಅವನ ಕೈಗೆ ಮೊಬೈಲ್ ಕೊಟ್ಟರು. ಸ್ತಂಭ ಪೂರ್ತಿ ಬರಬೇಕು, ತಾವೂ ಚೆನ್ನಾಗಿ ಬರಬೇಕು. ಹಲ್ಲಪ್ಪ ನೆಲಕ್ಕೆ ಮಂಡಿಯೂರಿ, ಹಿಂದೆ ಸರಿದು, ವಾಲಿ, ಎಲ್ಲರದೂ ತೆಗೆದ. ನಗಿ ಎಂದರೆ ಎಲ್ಲರೂ ನಕ್ಕರು. ಅವನ ಕಣ್ಣು ಅಭ್ಯಾಸಬಲದಿಂದ ಹಲ್ಲಿನ ಮೇಲೆಯೇ ಹೋಗುತ್ತಿತ್ತು. ಬಟ್ಟೆ ಅಂಗಡಿಯವರ ಮೇಲಿನ ಸಾಲು ಕಟ್ಟಿಸಿದ್ದು, ಸ್ವಲ್ಪ ಸಡಿಲ. ಗಾಳಿಗೆ ಎದುರಾಗಿ ನಗಬೇಡಿ ಎನ್ನಬೇಕೆನಿಸಿತು, ಅನ್ನಲಿಲ್ಲ. ನಿಮ್ಮದೊಂದು ತೆಗೆಯಲಾ ಎಂದು ಒಬ್ಬಿಬ್ಬರು ಕೇಳಿದರು. ಬೇಡ ಎಂದ. ತೆಗೆಸಿಕೊಂಡು ಯಾರಿಗೆ ತೋರಿಸುವುದು?

ಸ್ತಂಭದ ಬುಡದಲ್ಲಿ ಒಂದು ದುಂಡನೆಯ ಸಭಾಂಗಣ. ಒಳಗೆ ಹೋದ. ತಣ್ಣಗಿತ್ತು. ಗೋಡೆಯ ತುಂಬ ಹೆಸರುಗಳು, ನೆಲದಿಂದ ಚಾವಣಿಯ ತನಕ. ಒಬ್ಬ ಕಾವಲುಗಾರ ಮಾತಾಡಬೇಡಿ ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ. ಹಲ್ಲಪ್ಪ ಒಂದು ಸಾಲನ್ನು ಓದಿದ, ಎರಡನೆಯದನ್ನು ಓದಿದ. ಒಬ್ಬರನ್ನೂ ಅರಿಯ. ಇಷ್ಟು ಜನರಲ್ಲಿ ಒಬ್ಬೊಬ್ಬರಿಗೂ ಒಬ್ಬ ಅಕ್ಕನೋ ತಂಗಿಯೋ ಇದ್ದಿರಬೇಕು, ಅವರೆಲ್ಲ ಇಲ್ಲಿ ಬಂದು ಈ ಗೋಡೆ ಮುಟ್ಟಿದ್ದರೋ ಇಲ್ಲವೋ ಎಂದುಕೊಂಡ. ಹಿಂದಿನಿಂದ ಜನ ನೂಕಿದರು. ಇನ್ನೊಂದು ಬಾಗಿಲಿನಿಂದ ಬಿಸಿಲಿಗೆ ಬಿದ್ದ.

ಮಿಕ್ಕವರು ಲಿಫ್ಟಿನ ಸಾಲಿನಲ್ಲಿ ನಿಂತಿದ್ದರು, ಮೇಲಿನಿಂದ ನಗರವೆಲ್ಲ ಕಾಣುತ್ತದಂತೆ. ಅವನಿಗೆ ಸಾಕಾಗಿತ್ತು. ಜಗಲಿಯ ಮೆಟ್ಟಿಲ ಮೇಲೆ ನೆರಳಿದ್ದ ಕಡೆ ಅದೇ ಬಸ್ಸಿನಲ್ಲಿ ಬಂದಿದ್ದ ಸ್ಟೇಷನ್ ಮಾಸ್ಟರೊಬ್ಬರ ಹೆಂಡತಿ ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದರು. ಅವರ ಗಂಡ ನಿವೃತ್ತರಾದ ಮೇಲೂ ಸಾಲು ಕಂಡಲ್ಲಿ ನಿಲ್ಲುವ ಮನುಷ್ಯ, ಲಿಫ್ಟಿಗೆ ಹೋಗಿದ್ದರು. ಆಕೆ ಕೈಚೀಲ ಸರಿಸಿ ಹಲ್ಲಪ್ಪನಿಗೆ ಜಾಗ ಮಾಡಿದರು. ಅರುವತ್ತು ದಾಟಿದ, ನಿಧಾನದ ಹೆಂಗಸು. ಬಸ್ಸಿನಲ್ಲಿ ಎಲ್ಲರೂ ಸಮಾಧಾನ ಹೇಳುವಾಗ ಸುಮ್ಮನಿದ್ದವರು ಅವರೊಬ್ಬರೇ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ಅವರು ಇದ್ದಿದ್ರೆ ಮೇಲೆ ಹತ್ತೋರಾ?"

"ಹತ್ತೋದಿರ್ಲಿ, ಬರ್ತಾನೇ ಇರ್ಲಿಲ್ಲ," ಎಂದ ಹಲ್ಲಪ್ಪ. "ಕಲ್ಲು ನೋಡೋಕೆ ಅಷ್ಟು ದೂರ ಯಾಕೆ, ನಮ್ಮನೆ ಅಕ್ಕೀಲೇ ಇದ್ಯಲ್ಲ ಅಂತಿದ್ಲು."

ಆಕೆ ನಕ್ಕುಬಿಟ್ಟರು. ಆ ನಗುವಿಗೆ ಅವನ ಬಾಯಿ ಸಡಿಲವಾಯಿತು. ಒಂದು ವರ್ಷದಿಂದ ಒಳಗೆ ಕೂತದ್ದೆಲ್ಲ ಹೊರಗೆ ಬಂತು. ಅವಳು ಹಾಡಿನ ಒಂದೇ ಸಾಲನ್ನು ದಿನವಿಡೀ ಹಾಡಿ ಮುಂದಿನ ಸಾಲು ಮರೆತೆ ಎನ್ನುತ್ತಿದ್ದದ್ದು. ಅಕ್ಕಪಕ್ಕದವರ ಜಗಳವನ್ನು ಎರಡೂ ಕಡೆಯ ದನಿಯಲ್ಲಿ ಆಡಿ ತೋರಿಸುತ್ತಿದ್ದದ್ದು. ವಯಸ್ಸಾಗುವ ಮೊದಲೇ ಹಲ್ಲು ಹೋದಾಗ ತಾನೇ ಕಟ್ಟಿಕೊಟ್ಟದ್ದು. ಮೊದಲು ಮುತ್ತು ಪೋಣಿಸಿದ ಹಾಗೆ ಮಾಡಿಕೊಟ್ಟಿದ್ದ. ಅವಳು ಕನ್ನಡಿ ನೋಡಿ, ಇದು ಯಾವಳದೋ ಬಾಯಿ, ನನ್ನ ಸೊಟ್ಟ ಕೋರೆಹಲ್ಲು ಎಲ್ಲಿ, ನನ್ನ ಮುಖ ನನಗಾದರೂ ಗುರುತು ಸಿಗಬೇಡವೇ ಎಂದು ಹಟ ಮಾಡಿದಳು. ಎಲ್ಲರೂ ಸೊಟ್ಟ ಹಲ್ಲು ನೆಟ್ಟಗಾಗಲಿ ಎಂದು ಬಂದರೆ, ಅವನು ಅವಳಿಗಾಗಿ ಒಂದು ಹಲ್ಲನ್ನು ಸೊಟ್ಟಗೆ ಕೂರಿಸಿದ.

"ಆಸ್ಪತ್ರೇಲಿ ಅದನ್ನ ತೆಗೆದು ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ನನ್ನ ಕೈಗೆ ಕೊಟ್ರು," ಎಂದ. "ನಾನೇ ಬಾಗಿಲ ಹತ್ರ ಇದ್ದೆ, ಅದಕ್ಕೆ. ಎಲ್ಲಾ ಮುಗಿದ ಮೇಲೆ ಮುಖ ನೋಡಿದ್ರೆ ಕೆನ್ನೆ ಒಳಗೆ ಹೋಗಿತ್ತು. ಜನ ಬರೋ ಮುಂಚೆ ನಲ್ಲೀಲಿ ತೊಳೆದೆ. ತಣ್ಣಗಿದ್ರೆ ಅವಳಿಗೆ ಆಗ್ತಿರ್ಲಿಲ್ಲ. ಅಂಗೈಲಿ ಹಿಡ್ಕೊಂಡು ಬೆಚ್ಚಗೆ ಮಾಡಿ ಹಾಕ್ದೆ."

ಆಕೆ ಮೆಲ್ಲನೆ, ಸುಮ್ಮನೆ ಮಾತು ಮುಂದುವರಿಯಲಿ ಎಂಬಂತೆ ಕೇಳಿದರು, "ನಿಮ್ಮನ್ನ ಏನಂತ ಕರೀತಿದ್ರು?"

"ತಮ್ಮಾ ಅಂತ."

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಆಕೆ ಅವನ ಕಡೆ ತಿರುಗಿದರು. ಹಲ್ಲಪ್ಪ ತಲೆ ತಗ್ಗಿಸಿ, ಅದು ನಮ್ಮಕ್ಕ ಎಂದ. ತನಗೆ ಮದುವೆಯೇ ಆಗಿಲ್ಲವೆಂದೂ, ಮನೆಯವರು ಎಂದು ಕೇಳಿದ್ದಕ್ಕೆ ಬಾಯಿಗೆ ಬಂದದ್ದು ಹೇಳಿದೆನೆಂದೂ, ಆಮೇಲೆ ತಿದ್ದಲು ಆಗಲಿಲ್ಲವೆಂದೂ ತಡವರಿಸುತ್ತಾ ಹೇಳಿದ. ಬೈಯುತ್ತಾರೇನೋ ಎಂದುಕೊಂಡ. ಆಕೆ ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಅವರ ಮುಖದಲ್ಲಿ ಬೇರೇನೋ ಆಗುತ್ತಿತ್ತು.

"ನನಗೂ ಒಬ್ಬ ತಮ್ಮ ಇದಾನೆ," ಎಂದರು. "ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ಕಾಂಪೌಂಡು ಗೋಡೆ ವಿಷಯಕ್ಕೆ. ಈಗ ಆ ಮನೇನೂ ಇಲ್ಲ, ಗೋಡೇನೂ ಇಲ್ಲ."

ಅಷ್ಟು ಹೇಳಿ ಕೈಚೀಲ ಎತ್ತಿಕೊಂಡು, ನೋಯುವ ಮಂಡಿಯಲ್ಲೇ ಒಂದೊಂದು ಮೆಟ್ಟಿಲು ಇಳಿದು ಆಚೆಯ ಕಟಕಟೆಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತರು. ಜೊತೆಗೆ ಹೋಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಹೋಗಲಿಲ್ಲ. ಮೇಲೆ ಹೋದವರು ಇಳಿದು ಬರುವ ತನಕ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಸ್ಟೇಷನ್ ಮಾಸ್ಟರು ಬಂದು, ಮೇಲಿನಿಂದ ರೈಲು ನಿಲ್ದಾಣ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತೇ ಎಂದು ಅವನಿಗೇ ವರ್ಣಿಸಿದರು.

ವಾಪಸು ಹೊರಟಾಗ ಬಸ್ಸಿನಲ್ಲಿ ಹಾಡಿನ ಆಟ ಶುರುವಾಯಿತು. ಬಟ್ಟೆ ಅಂಗಡಿಯವರು ಮೈಕು ಹಿಡಿದರು. ಒಳ್ಳೆಯ ಮನಸ್ಸಿನ ಮನುಷ್ಯ. ಮೊದಲ ಹಾಡು ನಮ್ಮ ನಡುವಿನ ಒಬ್ಬರ ಶ್ರೀಮತಿಯವರ ನೆನಪಿಗೆ, ಅವರು ಎಲ್ಲಿದ್ದರೂ ತಂಪಾಗಿರಲಿ ಎಂದರು. ಎಲ್ಲರೂ ತಿರುಗಿ ಹಲ್ಲಪ್ಪನನ್ನು ನೋಡಿದರು. ಹೊಸದಾಗಿ ಮದುವೆಯಾದ ಹುಡುಗಿಯ ಕಣ್ಣಲ್ಲಿ ನೀರಿತ್ತು. ಇಲ್ಲದ ಹೆಂಡತಿಗೆ ಬಂದ ಆ ನೀರನ್ನು ನೋಡಿ ಅವನಿಗೆ ಇನ್ನು ಕೂರಲಾಗಲಿಲ್ಲ. ಅಕ್ಕನನ್ನು ತಾನೇ ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ಮೇಲಿನ ಕಂಬಿ ಹಿಡಿದು ಎದ್ದು ನಿಂತ.

"ಅವಳು ಹೆಂಡತಿ ಅಲ್ಲ," ಎಂದ. "ನಮ್ಮಕ್ಕ. ನನಗೆ ಮದುವೆ ಆಗಿಲ್ಲ."

ಬಟ್ಟೆ ಅಂಗಡಿಯವರ ಹೆಂಡತಿ, ಅಯ್ಯೋ ಅಕ್ಕನಾ, ನಾವೇನೋ ಅಂದುಕೊಂಡೆವು ಎಂದು ಉಸಿರು ಬಿಟ್ಟರು. ಆ ಉಸಿರಿನಲ್ಲಿ ಬಸ್ಸೆಲ್ಲ ಹಗುರಾಯಿತು. ಹಾಗಾದರೆ ಇವರು ಇನ್ನೂ ಹುಡುಗನೇ ಎಂದು ಅವರ ಗಂಡ ಮೈಕಿನಲ್ಲೇ ಹೇಳಿದರು. ಎಲ್ಲರೂ ನಕ್ಕರು. ಹಿಂದಿನಿಂದ ಯಾರೋ ತಮ್ಮ ಕಡೆ ಒಂದು ಹೆಣ್ಣಿದೆ ಎಂದರು. ಮೊದಲ ಹಾಡನ್ನು ಬದಲಾಯಿಸಿ ಕುಣಿಯುವಂಥದ್ದೊಂದನ್ನು ಹಾಡಿದರು. ಯಾರೂ ಅವನನ್ನು ಸುಳ್ಳುಗಾರ ಎನ್ನಲಿಲ್ಲ, ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಕೊಟ್ಟ ಪಾತ್ರೆಯನ್ನು ಕೆಲಸ ಮುಗಿದ ಮೇಲೆ ವಾಪಸು ಒಯ್ಯುವಂತೆ, ಬೆಳಿಗ್ಗೆ ಕೊಟ್ಟ ದುಃಖದ ಪಾಲನ್ನು ಒಯ್ದರು, ಅಷ್ಟೇ. ಸ್ಟೇಷನ್ ಮಾಸ್ಟರ ಹೆಂಡತಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ನಿದ್ದೆಯೋ ಅಲ್ಲವೋ ಹೇಳುವಂತಿರಲಿಲ್ಲ.

ಸಂಜೆ ಬಸ್ಸು ಒಂದು ಹೋಟೆಲಿನ ಮುಂದೆ ಚಹಾಕ್ಕೆ ನಿಂತಿತು. ಹಲ್ಲಪ್ಪ ಪೆಟ್ರೋಲ್ ಬಂಕಿನ ಕಡೆ ನಡೆದುಹೋಗಿ ಭಾವನಿಗೆ ಫೋನು ಮಾಡಿದ. ಏಕೆ ಮಾಡಿದೆನೆಂದು ಅವನಿಗೂ ಗೊತ್ತಿರಲಿಲ್ಲ. ಸ್ಮಾರಕ ನೋಡಿದೆ ಎಂದ. ಹ್ಞೂಂ ಎಂದರು. ಆಮೇಲೆ ಪೀಠಿಕೆಯಿಲ್ಲದೆ, ಆಸ್ಪತ್ರೆಯಲ್ಲಿ ಅಕ್ಕನಿಗೆ ಹಲ್ಲು ಹಾಕಿದವನು ತಾನೇ ಎಂದ.

ಆ ಕಡೆ ಟಿ.ವಿ.ಯ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು.

"ನರ್ಸು ಹಾಕಿದ್ದು ಅಂದ್ಕೊಂಡಿದ್ದೆ," ಎಂದರು ಭಾವ. "ನೀನು ಹೇಳ್ಲೇ ಇಲ್ಲ."

"ಯಾರೂ ಕೇಳ್ಲಿಲ್ಲ ಭಾವ."

ಫೋನು ಕಟ್ಟಾಯಿತೇನೋ ಎಂದು ಹಲ್ಲಪ್ಪ ಕಿವಿಯಿಂದ ತೆಗೆದು ನೋಡಿದ. ಆಗಿರಲಿಲ್ಲ. ರಾತ್ರಿ ಅವಳು ಹಲ್ಲು ಹಾಕಿಡುತ್ತಿದ್ದ ಬಟ್ಟಲನ್ನು ತಾನು ಮಗಳ ಮನೆಗೆ ತಂದುಕೊಂಡಿದ್ದೇನೆಂದೂ, ತಲೆದಿಂಬಿನ ಪಕ್ಕ ಇಟ್ಟುಕೊಂಡರೆ ಮಗಳು ಎತ್ತಿಡಿ ಎನ್ನುತ್ತಾಳೆಂದೂ ಭಾವ ಹೇಳಿದರು. ಅವರ ಬಾಯಲ್ಲಿ ಒಂದೇ ಸಲಕ್ಕೆ ಅಷ್ಟು ಮಾತು ಅವನು ಕೇಳಿದ್ದೇ ಇಲ್ಲ. ಡ್ರೈವರ್ ಹಾರ್ನ್ ಹೊಡೆದ.

"ಹೆಂಗಿತ್ತು ಸ್ಮಾರಕ?" ಎಂದು ಭಾವ ಕೇಳಿದರು.

"ದೊಡ್ಡದು. ಗಾಳಿ ಜಾಸ್ತಿ," ಎಂದ ಹಲ್ಲಪ್ಪ.

ಊರು ಮುಟ್ಟಿದಾಗ ಜೋಡಿಗಳೆಲ್ಲ ತಮ್ಮ ತಮ್ಮ ಚೀಲ ಹುಡುಕುತ್ತಾ, ಒಬ್ಬರನ್ನೊಬ್ಬರು ಬೈಯುತ್ತಾ ಇಳಿದು ಹೋದರು. ಸ್ಟೇಷನ್ ಮಾಸ್ಟರ ಹೆಂಡತಿ ಆಟೋ ಹತ್ತುವ ಮುನ್ನ ಒಮ್ಮೆ ಅವನ ಕಡೆ ನೋಡಿದರು. ಏನೋ ಹೇಳುವವರಿದ್ದರು. ಗಂಡ ಅವಸರ ಮಾಡಿದರು. ಆಕೆ ತಲೆಯಾಡಿಸಿ ಹೊರಟುಹೋದರು. ಅವರು ಆಮೇಲೆ ತಮ್ಮನಿಗೆ ಫೋನು ಮಾಡಿದರೋ ಇಲ್ಲವೋ, ಹಲ್ಲಪ್ಪನಿಗೆ ತಿಳಿಯುವ ದಾರಿಯಿಲ್ಲ.

ಅವನು ಮತ್ತೆ ಹಿಂದಿನ ಕೋಣೆಯಲ್ಲಿ ಕೂತ. ಅಚ್ಚುಗಳು ಬಂದವು, ಹಲ್ಲುಗಳು ಹೋದವು. ಹೇಗಿತ್ತು ಪ್ರವಾಸ ಎಂದು ಕೌಂಟರಿನ ಹೆಂಗಸು ಕೇಳಿದಳು, ಉತ್ತರಕ್ಕೆ ಮೊದಲೇ ರೋಗಿಯೊಬ್ಬರು ಬಂದರು. ಭಾನುವಾರ ಸಂಜೆ ಅವನು ಮಂಚದ ಮೇಲೆ ಅಡ್ಡಾಗಿ ಎದುರಿನ ನೀರಿನ ಟ್ಯಾಂಕು ತುಂಬಿ ಸುರಿಯುವುದನ್ನು ನೋಡುತ್ತಿದ್ದಾಗ ಫೋನು ಬಂತು. ಭಾವ. ತಾವಾಗಿ ಅವರು ಎಂದೂ ಮಾಡಿದವರಲ್ಲ. ಏನಾಯಿತೋ ಎಂದು ಗಾಬರಿಯಿಂದ ಎದ್ದು ಕೂತ.

"ಏನಿಲ್ಲ ಕಣೋ," ಎಂದರು ಭಾವ. "ಊಟ ಆಯ್ತಾ ಅಂತ ಕೇಳೋಣ ಅಂತ."

ಒಲೆ ತಣ್ಣಗಿತ್ತು. ಬೆಳಿಗ್ಗೆಯಿಂದ ಒಂದು ಬನ್ನು ಬಿಟ್ಟರೆ ಏನೂ ತಿಂದಿರಲಿಲ್ಲ.

"ಆಯ್ತು ಭಾವ," ಎಂದ. "ನಿಮ್ದು?"

ಆಯಿತು ಎಂದರು. ಫೋನಿಟ್ಟ ಮೇಲೆ ಹಲ್ಲಪ್ಪ ಎದ್ದು, ದೀಪ ಹಾಕಿ, ಪಾತ್ರೆಗೆ ಒಂದು ಹಿಡಿ ಅಕ್ಕಿ ಹಾಕಿ ತೊಳೆಯತೊಡಗಿದ.